ಚಿನ್ನದ ನ್ಯಾನೋಕಣಗಳ ತೆಳುಪದರ: ಸ್ಪಿನ್ ಕೋಟರ್‌ಗಿಂತ ಬೀಕರ್ ಮೇಲು

ಸಿಟ್ರೇಟ್ ವಿಧಾನದಲ್ಲಿ (ನೀರಿನಲ್ಲಿ ಕರಗಿಸಿದ ಚಿನ್ನದ ಲವಣವನ್ನು ಸಿಟ್ರೇಟ್‌ನಿಂದ ಚಿನ್ನವಾಗಿಸಿ) ತಯಾರಿಸಿದ ಸುಮಾರು 15 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳನ್ನು ಗಾಜಿನ ಮೇಲೆ ಒಂದೇ ಪದರವಾಗಿ ಕೂರಿಸಲೆಂದು ನಮ್ಮ ಪ್ರಯೋಗಾಲಯಕ್ಕೆ ಸ್ಪಿನ್ ಕೋಟರ್, ಅಂದರೆ ಗಾಜನ್ನು ವೇಗವಾಗಿ ತಿರುಗಿಸಿ ಅದರ ಮೇಲಿನ ದ್ರವವನ್ನು ತೆಳುವಾಗಿ ಹರಡುವ ಯಂತ್ರ, ತರಿಸಲಾಗಿತ್ತು. ಪಾಲಿಮರ್ ಪದರಗಳಿಗೆ ಅದು ಅತ್ಯುತ್ತಮ ಯಂತ್ರವೇ. ಈ ಕೆಲಸಕ್ಕೆ ಮಾತ್ರ ನಾನು ಈಗ ನೆಚ್ಚಿಕೊಂಡಿರುವುದು ಒಂದು ಬೀಕರ್, ಸ್ವಲ್ಪ ಹೆಕ್ಸೇನ್ ಮತ್ತು ಎಥನಾಲನ್ನು.

ಸ್ಪಿನ್ ಕೋಟಿಂಗ್ ಇಲ್ಲಿ ಏಕೆ ಕೈಕೊಡುತ್ತದೆ ಎಂಬುದನ್ನು ಸರಳ ಲೆಕ್ಕವೊಂದು ತೋರಿಸುತ್ತದೆ. 1 ಮಿಲಿಮೋಲಾರ್ ಚಿನ್ನದ ಲವಣದಿಂದ ಮಾಡಿದ ಕಲಿಲದಲ್ಲಿ (ಕಣಗಳು ನೀರಿನಲ್ಲಿ ಹರಡಿ ತೇಲುವ ದ್ರವದಲ್ಲಿ) ಲೀಟರಿಗೆ ಸುಮಾರು 0.2 ಗ್ರಾಂ ಚಿನ್ನವಿರುತ್ತದೆ. ತಿರುಗುವಾಗ ಬಹುಪಾಲು ದ್ರವ ಅಂಚಿನಿಂದ ಸಿಡಿದುಹೋಗಿ, ಗಾಜಿನ ಮೇಲೆ 5 ಮೈಕ್ರೋಮೀಟರ್ ದಪ್ಪದಷ್ಟು ಉಳಿಯಿತೆಂದುಕೊಂಡರೆ, ಅದರಲ್ಲಿರುವ ಚಿನ್ನವನ್ನೆಲ್ಲ ಸಮನಾಗಿ ಹರಡಿದರೂ ದಪ್ಪ 0.05 ನ್ಯಾನೋಮೀಟರ್ ಮಾತ್ರ. ಒತ್ತೊತ್ತಾಗಿ ಕೂತ ಒಂದು ಪದರಕ್ಕೆ ಬೇಕಾದ ಚಿನ್ನವಾದರೋ ಸುಮಾರು 9 ನ್ಯಾನೋಮೀಟರ್ ದಪ್ಪಕ್ಕೆ ಸಮ.

ಮತ್ತೆ ಮತ್ತೆ ಸುರಿದು ತಿರುಗಿಸಿದರೆ ಹೊಸ ಹನಿಯು ಮೊದಲು ಕೂತಿದ್ದ ಕಣಗಳನ್ನು ತೊಳೆದುಕೊಂಡು ಹೋಗುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಕಲಿಲವನ್ನು ಸಾಂದ್ರಗೊಳಿಸಲು ಹೊರಟರೆ, ಮಿತಿ ಮೀರಿದೊಡನೆ ಸಿಟ್ರೇಟ್‌ನ ದುರ್ಬಲ ಹೊದಿಕೆ ಸಾಲದೆ ಕಣಗಳು ಒಂದಕ್ಕೊಂದು ಅಂಟಿ, ಕೆಂಪು ದ್ರಾವಣ ನೇರಳೆಗೆ ತಿರುಗುತ್ತದೆ.

ಹನಿ ಹಾಕಿ ಒಣಗಿಸುವ ವಿಧಾನದಲ್ಲಿ ಕಣಗಳೆಲ್ಲ ಅಂಚಿಗೆ ಹರಿದು ಉಂಗುರವಾಗುತ್ತವೆ. ನೀರಿನ ಮೇಲೆ ತೇಲುವ ಕಣಗಳನ್ನು ತಡೆಪಟ್ಟಿಯಿಂದ ಒತ್ತಿ ಒಂದೇ ಪದರವಾಗಿಸುವ ಲ್ಯಾಂಗ್‌ಮ್ಯುಯರ್-ಬ್ಲಾಜೆಟ್ ತೊಟ್ಟಿಯ ಪದರ ನಿಸ್ಸಂದೇಹವಾಗಿ ಸೊಗಸು, ಆದರೆ ಉಪಕರಣ ನಮ್ಮ ಅನುದಾನಕ್ಕೆ ನಿಲುಕದು. ಸಿಟ್ರೇಟ್ ಕಣಗಳಿಗೆ ಮೊದಲು ನೀರೊಲ್ಲದ ಹೊದಿಕೆಯನ್ನೂ ತೊಡಿಸಬೇಕು. ಅಮೈನೋಸಿಲೇನ್ (ಗಾಜಿಗೆ ಅಂಟಿ ಚಿನ್ನದ ಕಣಗಳನ್ನು ಹಿಡಿದಿಡುವ ರಾಸಾಯನಿಕ) ಲೇಪಿಸಿದ ಗಾಜನ್ನು ಕಲಿಲದಲ್ಲಿ ಅದ್ದಿಟ್ಟರೆ ಕಣಗಳು ಬಿಗಿಯಾಗಿ ಹಿಡಿಯುತ್ತವೆಯಾದರೂ, ಒಂದೇ ಬಗೆಯ ವಿದ್ಯುದಾವೇಶ ಹೊತ್ತ ಅವು ಪರಸ್ಪರ ದೂರ ತಳ್ಳುವುದರಿಂದ ನಡುನಡುವೆ ಬರಿ ಗಾಜು ಉಳಿಯುತ್ತದೆ.

ಬೀಕರ್‌ನಲ್ಲಿ ಕಲಿಲದ ಮೇಲೆ ನೀರಿನೊಂದಿಗೆ ಬೆರೆಯದ ಹೆಕ್ಸೇನ್ ಸುರಿದು, ಎಥನಾಲನ್ನು ನಿಧಾನವಾಗಿ ಹನಿಹನಿಯಾಗಿ ಸೇರಿಸಿದಾಗ ಕಣಗಳ ಮೇಲಿನ ಆವೇಶ ಕುಗ್ಗಿ, ಅವು ಎರಡು ದ್ರವಗಳ ಗಡಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕನ್ನಡಿಯಂತೆ ಹೊಳೆಯುವ ಚಿನ್ನದ ಪೊರೆ ಹರಡುವುದನ್ನು ಕಣ್ಣಾರೆ ನೋಡಬಹುದು. ಬೆಳಕಿಗೆ ಎದುರಾಗಿ ಹಿಡಿದರೆ ಅದೇ ಪೊರೆ ನೀಲಿಯಾಗಿ ಕಾಣುತ್ತದೆ. ಹೆಕ್ಸೇನ್ ಆರಿದ ಮೇಲೆ ಸ್ಲೈಡನ್ನು ಓರೆಯಾಗಿ ಅದ್ದಿ, ಕೈ ನಡುಗದಂತೆ ಮೇಲೆತ್ತಬೇಕು. ಎಥನಾಲನ್ನು ಅವಸರದಲ್ಲಿ ಸುರಿದರೆ ಕಣಗಳು ಗಡಿ ಸೇರುವ ಮೊದಲೇ ಮುದ್ದೆಯಾಗುತ್ತವೆ.

ಈ ಪೊರೆಗೆ ಗಾಜಿನ ಮೇಲೆ ಹಿಡಿತ ಕಡಿಮೆ. ದ್ರವದಲ್ಲಿ ಮುಳುಗಿಸಿ ಅಳೆಯುವ ಸಂವೇದಕಗಳಿಗಾದರೆ ಸಿಲೇನ್ ದಾರಿಯನ್ನೇ ಹಿಡಿಯುವುದು ಒಳ್ಳೆಯದು. ನಾನು ಒಮ್ಮೆಗೆ ಕೆಲವೇ ಸ್ಲೈಡ್‌ಗಳನ್ನು ಮಾಡಿ, ಒಣಗಿಸಿ, ರಾಮನ್ ರೋಹಿತ (ಚದುರಿದ ಬೆಳಕಿನಿಂದ ಅಣುಗಳನ್ನು ಗುರುತಿಸುವ ಅಳತೆ) ತೆಗೆಯುವವನಾದ್ದರಿಂದ ನನಗೆ ಬೀಕರ್ ಸಾಕು. ಸ್ಪಿನ್ ಕೋಟರ್ ಪಾಲಿಮರ್ ಕೆಲಸದವರ ಮೇಜಿಗೆ ಹೋಗಿದೆ.