ಹಳೇ ಯೆಜ್ಡಿಯಾ, ಹೊಸ ಕ್ಲಾಸಿಕ್ಕಾ? ಎರಡನ್ನೂ ಓಡಿಸಿ ಹೇಳುತ್ತಿದ್ದೇನೆ

ನಮ್ಮ ಮನೆಯ ಶೆಡ್ಡಿನಲ್ಲಿ ಎರಡು ಗಾಡಿಗಳಿವೆ. ಒಂದು ಅಪ್ಪನ 1984ರ ಯೆಜ್ಡಿ ಬೈಕು. ನಮ್ಮ ಮೈಸೂರಿನ ಯಾದವಗಿರಿಯಲ್ಲಿದ್ದ ಫ್ಯಾಕ್ಟರಿಯಲ್ಲೇ ತಯಾರಾದದ್ದು. 1996ರಲ್ಲಿ ಆ ಫ್ಯಾಕ್ಟರಿ ಮುಚ್ಚಿತು, ಗಾಡಿ ಇನ್ನೂ ಓಡುತ್ತಿದೆ. ಇನ್ನೊಂದು ನಾನು 2022ರಲ್ಲಿ ತಗೊಂಡ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಹಳೇದನ್ನು ರೆಡಿ ಮಾಡಿಸೋದಾ, ಹಳೇ ಲುಕ್ಕಿನ ಹೊಸದು ತಗೊಳ್ಳೋದಾ ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಮನೆಗೆ ಒಂದೇ ಗಾಡಿ ಅಂದರೆ ಕ್ಲಾಸಿಕ್ ತಗೊಳ್ಳಿ. ಭಾನುವಾರ ಸ್ಪ್ಯಾನರ್ ಹಿಡಿದು ಕೂರುವ ಆಸೆ ಇದ್ದರೆ ಮಾತ್ರ ಯೆಜ್ಡಿ.

ಸ್ಟಾರ್ಟ್ ಮಾಡುವುದರಿಂದಲೇ ವ್ಯತ್ಯಾಸ ಶುರು. ಯೆಜ್ಡಿಯಲ್ಲಿ ಕಿಕ್ಕರ್‌ಗೂ ಗೇರ್‌ಗೂ ಒಂದೇ ಲಿವರ್, ಅದೂ ಎಡಗಡೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಹೊಡೆದು ಮತ್ತೆ ಮುಂದಕ್ಕೆ ತಂದರೆ ಗೇರ್. ಕ್ಲಾಸಿಕ್‌ಗೆ ಈಗ ಕಿಕ್ಕರೇ ಇಲ್ಲ, ಬರೀ ಸೆಲ್ಫ್. ಸುಲಭ ಅಲ್ವಾ? ಹೌದು, ಆದರೆ ವಾರಗಟ್ಟಲೆ ಸುಮ್ನೆ ನಿಲ್ಲಿಸಬೇಡಿ, ಬ್ಯಾಟರಿ ಇಳಿದರೆ ತಳ್ಳಬೇಕಾದದ್ದು 195 ಕೆ.ಜಿ. ಗಾಡಿಯನ್ನು.

ಚಾಮುಂಡಿ ಬೆಟ್ಟ ಹತ್ತುವುದು ಎರಡಕ್ಕೂ ಕಷ್ಟವಲ್ಲ. ಇಳಿಯುವಾಗ ಗೊತ್ತಾಗುತ್ತದೆ. ಯೆಜ್ಡಿ ಟೂ ಸ್ಟ್ರೋಕ್, ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ನಾನು ಲೀಟರಿಗೆ 40 ಎಂ.ಎಲ್. ಆಯಿಲ್ ಹಾಕುತ್ತೇನೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುತ್ತಾ ಹೋದರೆ ಪೆಟ್ರೋಲ್ ಕಮ್ಮಿ, ಎಣ್ಣೆಯೂ ಕಮ್ಮಿ. ಪಿಸ್ಟನ್ ಬಿಸಿಯಾಗಿ ಜಾಮ್ ಆಗಬಹುದು. ಅದಕ್ಕೇ ಆಗಾಗ ಸ್ವಲ್ಪ ರೈಸ್ ಕೊಡುತ್ತಾ ಇಳಿಯಬೇಕು. ಅಪ್ಪ ನನಗೆ ಮೊದಲು ಕಲಿಸಿದ್ದೇ ಇದು. ಕ್ಲಾಸಿಕ್ ಫೋರ್ ಸ್ಟ್ರೋಕ್. ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಮೇಲೆ ಡಿಸ್ಕ್ ಬ್ರೇಕು, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸು. ಹೆಂಡತಿ ಮಗುವನ್ನು ಕೂರಿಸಿಕೊಂಡು ಹೋಗುವಾಗ ನಾನು ಯೋಚನೆಯೇ ಮಾಡದೆ ಕ್ಲಾಸಿಕ್ ಕೀ ಎತ್ತಿಕೊಳ್ಳುತ್ತೇನೆ. ಮಡಿಕೇರಿಗೂ ಅದೇ, 80ರಲ್ಲಿ ಆರಾಮಾಗಿ ಹೋಗುತ್ತದೆ. ಯೆಜ್ಡಿಯಲ್ಲಿ ನಾನು 60 ದಾಟುವುದಿಲ್ಲ.

ಮೇಂಟೆನೆನ್ಸ್ ವಿಷಯಕ್ಕೆ ಬಂದರೆ ಯೆಜ್ಡಿಯ ಮೇಲೆ ನನಗೆ ಪ್ರೀತಿ ಜಾಸ್ತಿ. ಅದರ ಚೈನು ಪೂರ್ತಿ ಕೇಸಿನೊಳಗೆ ಇರುತ್ತದೆ, ಮಳೆ ಕೆಸರು ತಾಗುವುದಿಲ್ಲ. ಹಿಂದಿನ ಚಕ್ರ ಬಿಚ್ಚುವಾಗ ಚೈನೂ ಸ್ಪ್ರಾಕೆಟ್ಟೂ ಇದ್ದಲ್ಲೇ ಇರುತ್ತವೆ. ಕ್ಲಾಸಿಕ್‌ನಲ್ಲಿ ಚೈನ್ ಹೊರಗೇ ಇರುವುದರಿಂದ 500 ಕಿ.ಮೀ.ಗೊಮ್ಮೆ ಒರೆಸಿ ಲ್ಯೂಬ್ ಹಾಕುತ್ತೇನೆ. ಒಮ್ಮೆ ನಂಜನಗೂಡಿನ ಹತ್ತಿರ ಯೆಜ್ಡಿಯ ಕ್ಲಚ್ ಕೇಬಲ್ ತುಂಡಾಯಿತು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಹಾಗೆ ಆ ಎಂಜಿನ್ ಮಾಡಿದ್ದಾರೆ. ತುಂಡಾದ ಕೇಬಲ್ಲಿನಲ್ಲೇ ಗೇರ್ ಬದಲಿಸುತ್ತಾ ಮನೆಗೆ ಬಂದೆ.

ಆದರೆ ಕೆಲಸ ಕೇಳುತ್ತದೆ. ಬಲಗಡೆ ಕವರ್ ಬಿಚ್ಚಿ, ಸಿ.ಬಿ. ಪಾಯಿಂಟನ್ನು (ಸ್ಪಾರ್ಕ್ ಬರಿಸಲು ಕರೆಂಟ್ ಕಡಿದು ಕೂಡಿಸುವ ಸ್ವಿಚ್ಚು) ಎಮರಿ ಪೇಪರಿನಲ್ಲಿ ಉಜ್ಜಿ, 0.4 ಮಿ.ಮೀ. ಗ್ಯಾಪ್ ಇಡಬೇಕು. ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜನ್ನು ಎಳೆದಾಗ ಸಣ್ಣಗೆ ಬಿಗಿ ಸಿಗಬೇಕು, ಸಿಕ್ಕಿಹಾಕಿಕೊಳ್ಳಬಾರದು. ಕೈಗೆ ಅಭ್ಯಾಸವಾಗಲು ನನಗೆ ಒಂದು ವರ್ಷ ಹಿಡಿಯಿತು. ಪಾರ್ಟ್ಸ್‌ಗೆ ಅಂಗಡಿಗಿಂತ ಜನ ಮುಖ್ಯ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಸವಾರರು ಸೇರುತ್ತಾರೆ. ಯಾರ ಅಟ್ಟದ ಮೇಲೆ ಒರಿಜಿನಲ್ ಸೈಲೆನ್ಸರ್ ಇದೆ ಅಂತ ಅಲ್ಲೇ ತಿಳಿಯುವುದು.

ಮಾಡಿಫಿಕೇಶನ್ನಿಗೆ ಕ್ಲಾಸಿಕ್ ಸುಲಭ. ಸೀಟು, ಮಿರರ್, ಕ್ರ್ಯಾಶ್ ಗಾರ್ಡ್ ಎಲ್ಲಾ ಬೋಲ್ಟ್ ಬಿಚ್ಚಿ ಹಾಕುವಂಥವು. ಟೂರಿಂಗ್ ಸೀಟು ಹಾಕಿಸಿದ ಮೇಲೆ ನನ್ನ ಸೊಂಟ ನೋವು ನಿಂತಿತು. ವೈರ್ ಕತ್ತರಿಸುವ ಯಾವ ಲೈಟನ್ನೂ ಹಾಕಿಸಬೇಡಿ. ಒಂದು ಅಂಗಡಿಯವರ ಮಾತು ಕೇಳಿ ಜೋರು ಸದ್ದಿನ ಸೈಲೆನ್ಸರ್ ಹಾಕಿಸಿದ್ದೆ. ದಂಡ ಕಟ್ಟಿ, ವಾರದಲ್ಲೇ ಕಂಪನಿಯದನ್ನೇ ಮತ್ತೆ ಹಾಕಿಸಿದೆ. ಯೆಜ್ಡಿಯನ್ನಂತೂ ದಯವಿಟ್ಟು ಕತ್ತರಿಸಬೇಡಿ. ಹಿಂದಿನ ಮಡ್‌ಗಾರ್ಡ್ ಕೊಯ್ದು ಗಿಡ್ಡ ಮಾಡಿದ ‘ಬಾಬರ್’ ಸ್ಟೈಲಿನ ಗಾಡಿ ನೋಡಿದರೆ ಹೊಟ್ಟೆ ಉರಿಯುತ್ತದೆ, ಆ ಮಡ್‌ಗಾರ್ಡ್ ಮತ್ತೆ ಎಲ್ಲಿಂದ ತರುತ್ತೀರಿ? ಹಳೇ ಬಣ್ಣವನ್ನೇ ಹೊಡೆಸಿ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು.

ಆರ್‌ಸಿ ಅಂದಾಗ ನೆನಪಾಯಿತು. 15 ವರ್ಷ ಕಳೆದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ಗಾಡಿಯ ನಂಬರು ಆರ್‌ಸಿಗೆ ತಾಳೆಯಾಗದಿದ್ದರೆ ತೊಂದರೆ. ಹಾಗಾಗಿ ಹಳೇ ಯೆಜ್ಡಿ ನೋಡಲು ಹೋಗುವಾಗ ಜೇಬಿನಲ್ಲಿ ಸೀಮೆಎಣ್ಣೆ ಅದ್ದಿದ ಬಟ್ಟೆಯೊಂದು ಇರಲಿ. ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಒರೆಸಿ, ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಓದಿ. ಆಮೇಲೆ ಕಿಕ್ಕರ್ ಹೊಡೆಯಿರಿ.