ಗೋಡೆಯೊಳಗೆ ಸೇರುವ ನೆಟ್‌ವರ್ಕ್ ತಂತಿಯನ್ನು ಮೊದಲು ಬ್ಲೇಡಿನಿಂದ ಕೆರೆದು ನೋಡಿ

ಬಳ್ಳಾರಿಯಲ್ಲಿ ಮನೆ ಕಟ್ಟಿಸುತ್ತಿರುವವರು, ಹಳೆಯ ಮನೆಯ ಮೇಲೆ ಮಹಡಿ ಏರಿಸುತ್ತಿರುವವರು ಪ್ಲಾಸ್ಟರ್ ಆಗುವ ಮುನ್ನ ದಯವಿಟ್ಟು ಇದನ್ನು ಓದಿ. ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮ ಮನೆಯ ಕೆಳಭಾಗ ಅಜ್ಜನ ಕಾಲದ್ದು, ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಮೇಲಿನದು ಹೊಸ ಆರ್‌ಸಿಸಿ ಮಹಡಿ. ಪಡಸಾಲೆಯಲ್ಲಿರುವ ಫೈಬರ್ ಪೆಟ್ಟಿಗೆಯ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತಿತ್ತು. ಹಾಗಾಗಿ ಪ್ರತಿ ಕೋಣೆಗೂ ತಂತಿ, ಮಹಡಿಗೆ ವೈಫೈ, ಹೊರಗೆ ಕ್ಯಾಮೆರಾ ಎಲ್ಲವನ್ನೂ ಒಬ್ಬ ಗುತ್ತಿಗೆದಾರನಿಗೇ ಒಪ್ಪಿಸಿದೆವು. ಕೊಟೇಶನ್ನಿನಲ್ಲಿ ‘ಕ್ಯಾಟ್ 6’ ಎಂದು, ಅಂದರೆ ನೆಟ್‌ವರ್ಕ್ ತಂತಿಯ ಒಂದು ದರ್ಜೆಯನ್ನು ಬರೆದುಕೊಟ್ಟ. ಕೆಲಸ ಮುಗಿದ ದಿನ ಟೆಸ್ಟರ್ ಹಚ್ಚಿ, ಎಂಟೂ ದೀಪ ಹೊತ್ತುವುದನ್ನು ಅಪ್ಪನಿಗೆ ತೋರಿಸಿ ಪೂರ್ತಿ ಹಣ ಪಡೆದು ಹೋದ.

ಮಹಡಿಯ ಕೋಣೆಯಲ್ಲಿ ವೇಗ 95 ಎಂಬಿಪಿಎಸ್ ದಾಟಲೇ ಇಲ್ಲ. ನಾವು ಹಣ ಕಟ್ಟುತ್ತಿರುವುದು 300ಕ್ಕೆ. ಇಂಟರ್ನೆಟ್ ಕಂಪನಿಯದೇ ದೋಷ ಎಂದು ಅವನು ಸಾಧಿಸಿದ. ಕಂಪನಿಯ ಹುಡುಗ ಬಂದು ಫೈಬರ್ ಪೆಟ್ಟಿಗೆಗೆ ನೇರವಾಗಿ ಲ್ಯಾಪ್‌ಟಾಪ್ ಜೋಡಿಸಿದಾಗ 300 ಪೂರ್ತಿ ಬಂತು. ಅದೇ ಲ್ಯಾಪ್‌ಟಾಪನ್ನು ಮಹಡಿಯ ಸಾಕೆಟ್ಟಿಗೆ ಹಾಕಿದರೆ ಲಿಂಕ್ ವೇಗ, ಅಂದರೆ ತಂತಿಯ ಎರಡು ತುದಿಯ ಉಪಕರಣಗಳು ತಮ್ಮೊಳಗೆ ಒಪ್ಪಿಕೊಂಡ ವೇಗ, ಬರೀ 100 ಎಂದು ತೋರಿಸಿತು. ಈ ತಂತಿಯೊಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ ಇರುತ್ತವೆ. 1000ದ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಒಂದು ಎಳೆ ಕೈಕೊಟ್ಟರೂ ಉಪಕರಣಗಳು ಎರಡೇ ಜೋಡಿಯ ಮೇಲೆ 100ಕ್ಕೆ ಇಳಿದು ಕೂರಬಹುದು, ಯಾರಿಗೂ ಹೇಳುವುದಿಲ್ಲ.

ಕ್ಯಾಮೆರಾಗಳ ಕಾಟ ಬೇರೆಯದು. ಹಗಲಲ್ಲಿ ಸರಿಯಾಗಿದ್ದು, ಕತ್ತಲಾದೊಡನೆ ಆರಿ ಹೊತ್ತಿ ಆರುತ್ತಿದ್ದವು. ಗುತ್ತಿಗೆದಾರ ಕ್ಯಾಮೆರಾ ಬದಲಿಸಿ ಅದಕ್ಕೂ ಹಣ ಕೇಳಿದ, ಕಾಟ ಹಾಗೆಯೇ ಉಳಿಯಿತು. ಕೊನೆಗೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ತಂತಿಯ ತುದಿ ಸುಲಿದು ಬ್ಲೇಡಿನಿಂದ ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ.

ಇದನ್ನು ವ್ಯಾಪಾರದಲ್ಲಿ ಸಿಸಿಎ (ಕಾಪರ್ ಕ್ಲ್ಯಾಡ್ ಅಲ್ಯೂಮಿನಿಯಂ, ತಾಮ್ರ ಹೊದಿಸಿದ ಅಲ್ಯೂಮಿನಿಯಂ) ಎನ್ನುತ್ತಾರೆ. ತಾಮ್ರಕ್ಕಿಂತ ಇದರ ವಿದ್ಯುತ್ ತಡೆ ಸುಮಾರು ಒಂದೂವರೆ ಪಟ್ಟು. ಬಾಗಿಸಿದಲ್ಲಿ ಸುಲಭವಾಗಿ ಮುರಿಯುತ್ತದೆ. ರಾತ್ರಿ ಅತಿಗೆಂಪು ದೀಪ ಹೊತ್ತಿದಾಗ ಕ್ಯಾಮೆರಾ ಹೆಚ್ಚು ವಿದ್ಯುತ್ ಎಳೆಯುತ್ತದೆ. ಅದೇ ತಂತಿಯಲ್ಲಿ ವಿದ್ಯುತ್ತೂ ಬರುವುದರಿಂದ ದಾರಿಯಲ್ಲೇ ವೋಲ್ಟೇಜ್ ಕುಸಿದು ಕ್ಯಾಮೆರಾ ಆರುತ್ತದೆ. ಕ್ಯಾಟ್ 6ರ ಮಾನದಂಡ ಸಿಸಿಎಯನ್ನು ಒಪ್ಪುವುದೇ ಇಲ್ಲ. ಆದರೂ ಹೊರಕವಚದ ಮೇಲೆ ‘ಕ್ಯಾಟ್ 6’ ಎಂದು ಅಚ್ಚು ಹಾಕಿ ಮಾರುತ್ತಾರೆ. ಎಂಟು ದೀಪದ ಟೆಸ್ಟರ್ ಎಳೆ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದಷ್ಟೇ ಹೇಳುತ್ತದೆ. ಅದು ತಾಮ್ರವೋ ಅಲ್ಯೂಮಿನಿಯಮ್ಮೋ ಅದಕ್ಕೆ ಗೊತ್ತಿಲ್ಲ.

ಅಪ್ಪ ಫೋನ್ ಮಾಡಿ ಕೇಳಿದಾಗ ಅವನು, “ಸರ್, ಊರಲ್ಲಿ ಎಲ್ಲರ ಮನೆಗೂ ಇದನ್ನೇ ಹಾಕಿದ್ದೇನೆ, ಯಾರೂ ದೂರಿಲ್ಲ” ಎಂದ. ಆ ಮಾತು ಕೇಳಿದ ಮೇಲೆಯೇ ಇದನ್ನು ಬರೆಯಲು ಕುಳಿತದ್ದು. ದೂರದೆ ಸುಮ್ಮನಿರುವ ಆ ಮನೆಗಳಲ್ಲಿ ಎಷ್ಟೋ ಜನ ಇಂಟರ್ನೆಟ್ ಕಂಪನಿಯನ್ನು ಬೈಯುತ್ತಿರಬಹುದು.

ಹೊಸ ತಂತಿ ಎಳೆಯಲು ಹೋದಾಗ ಇನ್ನೊಂದು ಬಯಲಾಯಿತು. ಎಸಿಗೆ ಹೋಗುವ ಕರೆಂಟಿನ ಪೈಪಿನೊಳಗೇ ಇದನ್ನೂ ತುರುಕಿದ್ದ. ಇದು ವೇಗದ ಮಾತಲ್ಲ, ಜೀವದ ಮಾತು. ವಿದ್ಯುತ್ ತಂತಿಯ ಕವಚ ಕರಗಿದರೆ 230 ವೋಲ್ಟ್ ನೇರವಾಗಿ ಕ್ಯಾಮೆರಾಕ್ಕೆ, ಲ್ಯಾಪ್‌ಟಾಪಿಗೆ ಬರಬಹುದು. ಎರಡಕ್ಕೂ ಬೇರೆ ಬೇರೆ ಪೈಪ್ ಇರಲೇಬೇಕು. ನಾವು ಬಣ್ಣ ಹೊಡೆದ ಗೋಡೆಯನ್ನು ಒಡೆಸಿದೆವು.

ಮಹಡಿಯ ವೈಫೈಗೆ ಅವನು ಇಟ್ಟದ್ದು ಅಗ್ಗದ ರಿಪೀಟರ್. ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿನ ಗೋಡೆ, ಸ್ಲ್ಯಾಬಿನ ಮನೆಗೆ ತಂತಿಯಿಂದ ಜೋಡಿಸಿದ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಮಹಡಿಗೊಂದು ಬೇಕು. ಈಗ ಹಾಗೆಯೇ ಹಾಕಿಸಿದ್ದೇವೆ, ಹಿತ್ತಲವರೆಗೂ ಸಿಗುತ್ತಿದೆ. ಮಾಳಿಗೆಯ ಮೇಲೆ ಹಾಯುವ ತಂತಿಗೆ ಬಿಸಿಲು ತಾಳುವ ಕಪ್ಪು ಕವಚದ್ದನ್ನೇ ಕೇಳಿ; 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಒಳಾಂಗಣದ ಕವಚ ಸೀಳು ಬಿಡುತ್ತದೆ.

ಬಿಲ್ಲಿನಲ್ಲಿ ‘ಪೂರ್ಣ ತಾಮ್ರ’ ಎಂದು ಬರೆಸಿ. ಪೆಟ್ಟಿಗೆಯನ್ನು ನಿಮ್ಮೆದುರೇ ಬಿಚ್ಚಿಸಿ, ತುದಿ ಕೆರೆದು ನೋಡಿ. ಪ್ರತಿ ಸಾಕೆಟ್ಟಿನಲ್ಲೂ ಲಿಂಕ್ ವೇಗ 1000 ತೋರಿಸಿದ ಮೇಲೆಯೇ ಕೊನೆಯ ಕಂತು ಕೊಡಿ. ಗೋಡೆ ಈಗಾಗಲೇ ಮುಚ್ಚಿದ್ದರೆ ಕೆರೆದು ನೋಡಲು ಸಾಕೆಟ್ ಬಿಚ್ಚಿದಾಗ ಸಿಗುವ ಗೇಣುದ್ದದ ತಂತಿಯೇ ಸಾಕು. ಕ್ಯಾಮೆರಾದ ಮುಖಕ್ಕೆ ಹಗಲಿನಲ್ಲೇ ಕಪ್ಪು ಬಟ್ಟೆ ಮುಚ್ಚಿ. ಅತಿಗೆಂಪು ದೀಪ ಹೊತ್ತಿದೊಡನೆ ಅದು ಆರಿಹೋದರೆ ಹೊಸ ಕ್ಯಾಮೆರಾ ಕೊಳ್ಳುವ ಮೊದಲು ತಂತಿಯನ್ನು ಪರೀಕ್ಷಿಸಿ.