ತಟರಕ್ಷಕರಿಗೊಂದು ಬಿದರಿ ಫಲಕ: ಮಾಡಿಸಿ ನೋಡಿದ ಮೇಲೆ

ಕೋಸ್ಟ್ ಗಾರ್ಡ್ ಎಂದೇ ಜನರ ಬಾಯಲ್ಲಿರುವ ಭಾರತೀಯ ತಟರಕ್ಷಣಾ ಪಡೆಯಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮೂರಿನ ನಾವಿಕರೊಬ್ಬರನ್ನು, ಆ ಪಡೆಯ ಸಂಸ್ಥಾಪನಾ ದಿನವಾದ ಫೆಬ್ರುವರಿ 1ರಂದು ಸನ್ಮಾನಿಸಬೇಕೆಂದು ಗ್ರಾಮದ ಯುವಕ ಸಂಘ ತೀರ್ಮಾನಿಸಿದಾಗ, ಸ್ಮರಣಿಕೆ ಮಾಡಿಸುವ ಹೊಣೆ ನನ್ನ ಪಾಲಿಗೆ ಬಂತು. ಬೀದರಿನ ಚೌಬಾರಾ ಗೋಪುರದ ಸಮೀಪದ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕಲೆಯ ಕಾರ್ಯಾಗಾರವೊಂದರಲ್ಲಿ ಮಾಡಿಸಿದ ಆ ಫಲಕದ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ ಫಲಕಗಳಲ್ಲಿ ಬಂದೂಕು ಹಿಡಿದ ಯೋಧ, ಟ್ಯಾಂಕು, ಯುದ್ಧವಿಮಾನ ಎಲ್ಲವೂ ಇವೆ. ಕೋಸ್ಟ್ ಗಾರ್ಡ್ ಮಾತ್ರ ಇಲ್ಲ. ಕಡಲೇ ಕಾಣದ ನಮ್ಮ ಜಿಲ್ಲೆಯಲ್ಲಿ ಇದು ಅಚ್ಚರಿಯೇನಲ್ಲ. ಆದರೆ 1977ರಲ್ಲಿ ಆರಂಭವಾಗಿ, 1978ರ ಕಾಯ್ದೆಯಿಂದ ಪ್ರತ್ಯೇಕ ಸಶಸ್ತ್ರ ಪಡೆಯಾದ ಈ ಸಂಸ್ಥೆಯ ಕೆಲಸವೇ ಬೇರೆ ಬಗೆಯದು: ಕಳ್ಳಸಾಗಣೆ ತಡೆಯುವುದು, ಸಮುದ್ರಕ್ಕೆ ಸೋರಿದ ಎಣ್ಣೆಯನ್ನು ನಿಯಂತ್ರಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಆಪತ್ತಿಗೆ ಸಿಲುಕಿದವರನ್ನು ದಡ ಸೇರಿಸುವುದು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಹೊತ್ತಿನಲ್ಲಿ, ನಮ್ಮದೇ ರಾಜ್ಯದ ಕಾಪು ಬಳಿಯ ಬಂಡೆಗಳಲ್ಲಿ ಸಿಲುಕಿದ್ದ ಕೋರಮಂಡಲ್ ಸಪೋರ್ಟರ್ ಎಂಬ ಟಗ್‌ನ (ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಹಡಗು) 9 ಸಿಬ್ಬಂದಿಯನ್ನು ಈ ಪಡೆ ನೌಕಾಪಡೆಯೊಂದಿಗೆ ಸೇರಿ ರಕ್ಷಿಸಿತ್ತು. ಫಲಕದಲ್ಲಿ ಕಾಣಬೇಕಾದುದು ಈ ಕೆಲಸ ಎಂಬುದು ನಮ್ಮ ಅಪೇಕ್ಷೆಯಾಗಿತ್ತು.

ಮೊದಲ ನಕ್ಷೆಯಲ್ಲಿ ದೊಡ್ಡ ತೋಪುಗಳಿದ್ದ ಯುದ್ಧನೌಕೆ ಬಂದಿತ್ತು. ಬಿಳಿಯ ಒಡಲು, ಅದರ ಮೇಲೆ ಓರೆ ಪಟ್ಟಿ ಇರುವ ತಟರಕ್ಷಣಾ ಹಡಗಿನ ಚಿತ್ರ ತೋರಿಸಿದ ಮೇಲೆ, ಹಿರಿಯ ಕುಶಲಕರ್ಮಿಯೊಬ್ಬರು ಬೇಸರವಿಲ್ಲದೆ ಮತ್ತೆ ಬರೆದರು. ಬಿದರಿಯ ಕಪ್ಪು ನೆಲಕ್ಕೆ ಆ ಬಿಳಿ ಹಡಗು ಹೇಳಿ ಮಾಡಿಸಿದಂತಿದೆ. ಒಡಲಿಗೆ ತೆಳುವಾದ ಬೆಳ್ಳಿ ತಗಡನ್ನು ಕೂರಿಸಿ, ಓರೆ ಪಟ್ಟಿಯಷ್ಟು ಜಾಗವನ್ನು ಬೆಳ್ಳಿಯಿಲ್ಲದೆ ಬಿಟ್ಟು, ಅಲೆಗಳನ್ನು ಬೆಳ್ಳಿ ತಂತಿಯಿಂದಲೇ ಎಳೆದಿದ್ದಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನ ಸಂಸ್ಕಾರವಾದಾಗ ಸತು-ತಾಮ್ರದ ಮಿಶ್ರಲೋಹ ಕಡುಗಪ್ಪಾಯಿತು, ಬೆಳ್ಳಿ ಹಾಗೆಯೇ ಉಳಿದು ಹಡಗು ಎದ್ದು ಕಂಡಿತು. ಯಂತ್ರದಲ್ಲಿ ಕೊರೆದ ಅಕ್ರಿಲಿಕ್ ಫಲಕದಲ್ಲಿ ಈ ಗಾಂಭೀರ್ಯ ಬರುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಕ್ಷರಗಳ ವಿಷಯದಲ್ಲಿ ಮಾತ್ರ ತೃಪ್ತಿಯಿಲ್ಲ. ಪಡೆಯ ಧ್ಯೇಯವಾಕ್ಯವಾದ ‘ವಯಂ ರಕ್ಷಾಮಃ’ (ನಾವು ರಕ್ಷಿಸುತ್ತೇವೆ) ಎಂಬಲ್ಲಿ ವಿಸರ್ಗದ ಒಂದು ಚುಕ್ಕೆ ಕಳಚಿಹೋಗಿತ್ತು. ಕೇಳಿದಾಗ ಹೆಚ್ಚಿನ ಹಣ ಪಡೆಯದೆ ಮತ್ತೆ ಕೂರಿಸಿಕೊಟ್ಟರಾದರೂ, ಫಲಕ ಕೈಸೇರಿದ್ದು ಸಮಾರಂಭದ ಹಿಂದಿನ ಸಂಜೆ. ಕನ್ನಡದ ಒತ್ತಕ್ಷರಗಳು ಸಣ್ಣ ಅಳತೆಯಲ್ಲಿ ಒಂದಕ್ಕೊಂದು ಅಂಟಿಕೊಂಡು, ನಾವಿಕರ ಹೆಸರನ್ನು ಹತ್ತಿರ ಹಿಡಿದೇ ಓದಬೇಕಾಯಿತು. ಇಷ್ಟು ಬೆಲೆಯ ವಸ್ತುವಿಗೆ ಕೊಟ್ಟ ರಟ್ಟಿನ ಪೆಟ್ಟಿಗೆಯಂತೂ ತೀರಾ ಸಾಧಾರಣವಾಗಿತ್ತು.

ಒಟ್ಟು ವೆಚ್ಚ 3,200 ರೂಪಾಯಿ. ಶಾಲು, ಹಾರ, ಹಣ್ಣಿನ ಬುಟ್ಟಿಗೆ ಆಗುವ ಖರ್ಚನ್ನು ಕಡಿಮೆ ಮಾಡಿಯಾದರೂ ಇದನ್ನೇ ಮಾಡಿಸುವುದು ಲೇಸು. ಜನವರಿಯಲ್ಲಿ ಗಣರಾಜ್ಯೋತ್ಸವದ ಸ್ಮರಣಿಕೆಗಳ ಒತ್ತಡವಿರುವುದರಿಂದ ಡಿಸೆಂಬರ್‌ನಲ್ಲೇ ಮುಂಗಡ ಕೊಟ್ಟು, ಹಡಗಿನ ಚಿತ್ರವನ್ನೂ ಹೆಸರಿನ ಕಾಗುಣಿತವನ್ನೂ ಬರಹದಲ್ಲಿ ಒಪ್ಪಿಸಿ, ಅಕ್ಷರಗಳನ್ನು ಸ್ವಲ್ಪ ದೊಡ್ಡದಾಗಿಯೇ ಕೆತ್ತಲು ಹೇಳುವುದು ಉತ್ತಮ.